ಮನೋಚಿತ್ರಣವೂ ಕಡತವೂ: ರಾಜ್ಯದ ತನಿಖಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಪೊಲೀಸ್ ಠಾಣೆಗಳಲ್ಲಿ ಕೊಲೆ, ಅತ್ಯಾಚಾರ, ನಾಪತ್ತೆ ಮತ್ತು ಅಸಹಜ ಸಾವಿನ ಪ್ರಕರಣಗಳನ್ನು ತನಿಖೆ ಮಾಡುವ ಎಲ್ಲ ಅಧಿಕಾರಿಗಳಿಗೆ,



ಘಟನಾ ಸ್ಥಳವನ್ನು ಒಮ್ಮೆ ನೋಡಿ, ಕಣ್ಣು ಮುಚ್ಚಿ, ಕೊಲೆಗಾರನ ವಯಸ್ಸು, ಕಸುಬು, ಬಾಲ್ಯದ ನೋವುಗಳನ್ನು ಒಂದೊಂದಾಗಿ ಹೇಳಿಬಿಡುವ ಮನೋವಿಜ್ಞಾನಿಯ ಪಾತ್ರವು ಸಿನಿಮಾ ಮತ್ತು ಧಾರಾವಾಹಿಗಳಿಂದ ಹೊರಬಂದು ಸುದ್ದಿವಾಹಿನಿಗಳ ಚರ್ಚೆಯಲ್ಲಿಯೂ ತರಬೇತಿ ಕೇಂದ್ರಗಳ ಪಾಠದಲ್ಲಿಯೂ ಜಾಗ ಪಡೆಯುತ್ತಿರುವ ಕಾಲವಿದು. ಘಟನಾ ಸ್ಥಳದಲ್ಲಿ ಉಳಿದ ವರ್ತನೆಯ ಗುರುತುಗಳಿಂದ, ಇನ್ನೂ ಪತ್ತೆಯಾಗದ ವ್ಯಕ್ತಿಯ ವಯೋಮಾನ, ಉದ್ಯೋಗ, ವಾಸದ ಪ್ರದೇಶ, ಸ್ವಭಾವ ಮತ್ತು ಪೂರ್ವಾಪರಗಳನ್ನು ಅಂದಾಜಿಸುವ ಕ್ರಮಕ್ಕೆ ಅಪರಾಧಿ ಪ್ರೊಫೈಲಿಂಗ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ಮನೋಚಿತ್ರಣ ಎನ್ನಬಹುದು. ಈ ವಿದ್ಯೆಗೆ ಒಂದು ಚರಿತ್ರೆಯಿದೆ, ಕೆಲವು ನಿಜವಾದ ಸಾಧನೆಗಳಿವೆ, ಅವುಗಳಿಗಿಂತ ಹೆಚ್ಚಿನ ಕೀರ್ತಿಯೂ ಇದೆ. ಸಾಧನೆ ಯಾವುದು, ಕೀರ್ತಿ ಯಾವುದು ಎಂಬುದನ್ನು ಬಿಡಿಸಿ ನೋಡಿ, ತನಿಖೆಯಲ್ಲಿ ಮನೋವಿಜ್ಞಾನಕ್ಕೆ ಸಲ್ಲಬೇಕಾದ ಸ್ಥಾನವನ್ನು ಗುರುತಿಸುವುದು ಈ ಪತ್ರದ ಉದ್ದೇಶ. ಪತ್ರದ ವಾದ ಇಷ್ಟೇ: ಎಲ್ಲಿ ಹುಡುಕಬೇಕೆಂಬುದನ್ನು ಮನೋಚಿತ್ರಣ ಸೂಚಿಸಬಲ್ಲುದು, ತಪ್ಪಿತಸ್ಥ ಯಾರೆಂಬುದನ್ನು ಅದು ಹೇಳಲಾರದು, ಈ ಎರಡು ಕೆಲಸಗಳು ಒಂದರೊಳಗೊಂದು ಬೆರೆತಲ್ಲೆಲ್ಲ ನಿರಪರಾಧಿ ಸಿಕ್ಕಿಬಿದ್ದಿದ್ದಾನೆ, ಅಪರಾಧಿ ಹೊರಗುಳಿದಿದ್ದಾನೆ.

ಅಪರಾಧಿಯನ್ನು ಒಂದು ಬೇರೆ ಜಾತಿಯ ಮನುಷ್ಯನೆಂದು ಗುರುತಿಸುವ ಆಸೆ ಹಳೆಯದು. ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹುಟ್ಟಿನಿಂದಲೇ ಅಪರಾಧಿಗಳಾದವರನ್ನು ದವಡೆ, ಹಣೆ, ಕಿವಿಗಳ ಆಕಾರದಿಂದ ಗುರುತಿಸಬಹುದೆಂದು ವಾದಿಸಿದನು. ಇಂಗ್ಲೆಂಡಿನ ಸೆರೆಮನೆ ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3000 ಕೈದಿಗಳನ್ನು ಅಳೆದು, ಅಂಥ ದೈಹಿಕ ಮಾದರಿಯೊಂದು ಇಲ್ಲವೆಂದು 1913ರಲ್ಲಿ ತೋರಿಸಿದ ಮೇಲೆ ಆ ಸಿದ್ಧಾಂತ ಶಾಸ್ತ್ರದ ಪುಟಗಳಿಂದ ಹಿಂದೆ ಸರಿಯಿತು. ಆದರೆ ಮುಖ ನೋಡಿ ಕಳ್ಳನನ್ನು ಹೇಳುವ ಅಭ್ಯಾಸ ಠಾಣೆಯಲ್ಲಾಗಲಿ ಸಂತೆಯಲ್ಲಾಗಲಿ ಪೂರ್ತಿ ಅಳಿದಿಲ್ಲ. ಮನೋಚಿತ್ರಣವನ್ನು ಎಚ್ಚರವಿಲ್ಲದೆ ಬಳಸಿದಾಗ ಅದೇ ಅಭ್ಯಾಸ ಹೊಸ ಪರಿಭಾಷೆಯನ್ನು ತೊಟ್ಟು ಮರಳಿ ಬರುತ್ತದೆ.

ಆಧುನಿಕ ಮನೋಚಿತ್ರಣದ ಆದಿಕಥೆಯೆಂದು ಹಲವು ಪಠ್ಯಗಳು ಹೇಳುವುದು ನ್ಯೂಯಾರ್ಕ್ ನಗರದ ಬಾಂಬು ಪ್ರಕರಣವನ್ನು. 1940ರಿಂದ 1956ರವರೆಗೆ, ನಡುವೆ ಹಲವು ವರ್ಷ ಬಿಡುವು ಕೊಟ್ಟು, ಚಿತ್ರಮಂದಿರ, ರೈಲು ನಿಲ್ದಾಣ, ಗ್ರಂಥಾಲಯಗಳಲ್ಲಿ ಬಾಂಬುಗಳನ್ನಿಟ್ಟು, ನಗರಕ್ಕೆ ವಿದ್ಯುತ್ ಒದಗಿಸುವ ಕಂಪನಿಯ ಮೇಲೆ ರೋಷದ ಪತ್ರಗಳನ್ನು ಬರೆಯುತ್ತಿದ್ದ ಅನಾಮಧೇಯನ ಬಗ್ಗೆ ಪೊಲೀಸರು 1956ರಲ್ಲಿ ಮನೋವೈದ್ಯ ಜೇಮ್ಸ್ ಬ್ರಸೆಲ್ ಅವರ ಅಭಿಪ್ರಾಯ ಕೇಳಿದರು. ಆತ ಮಧ್ಯವಯಸ್ಕ, ಅವಿವಾಹಿತ, ಸಂಶಯಪ್ರವೃತ್ತಿಯವನು, ಸಿಕ್ಕಾಗ ಡಬಲ್ ಬ್ರೆಸ್ಟೆಡ್ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿರುತ್ತಾನೆ ಎಂದು ಬ್ರಸೆಲ್ ಹೇಳಿದರೆಂದೂ 1957ರ ಜನವರಿಯಲ್ಲಿ ಕನೆಕ್ಟಿಕಟ್ ರಾಜ್ಯದ ವಾಟರ್‌ಬರಿಯಲ್ಲಿ ಬಂಧಿತನಾದ ಜಾರ್ಜ್ ಮೆಟೆಸ್ಕಿ ಹಾಗೆಯೇ ಹೊರಬಂದನೆಂದೂ ಕಥೆ ಹೇಳುತ್ತದೆ.

ಬಂಧನ ಸಾಧ್ಯವಾದ ಬಗೆ ಮಾತ್ರ ಬೇರೆ. ಪೊಲೀಸರು ಮನೆಯ ಬಾಗಿಲು ತಟ್ಟಿದಾಗ ಮೆಟೆಸ್ಕಿ ಮಲಗುವ ಉಡುಪಿನಲ್ಲಿದ್ದ. ಗುಂಡಿ ಹಾಕಿದ ಕೋಟು ಬಂದದ್ದು, ಬಟ್ಟೆ ಬದಲಿಸಿಕೊಂಡು ಬಾ ಎಂದು ಅವನನ್ನು ಒಳಗೆ ಕಳಿಸಿದ ಮೇಲೆ. ಪೊಲೀಸರನ್ನು ಆ ಬಾಗಿಲಿಗೆ ತಂದವಳು ವಿದ್ಯುತ್ ಕಂಪನಿಯ ಕಚೇರಿಯಲ್ಲಿ ಹಳೆಯ ಪರಿಹಾರ ಅರ್ಜಿಗಳ ಕಡತಗಳನ್ನು ಒಂದೊಂದಾಗಿ ತಿರುವುತ್ತಿದ್ದ ಗುಮಾಸ್ತೆ. 1931ರಲ್ಲಿ ಕಾರ್ಖಾನೆಯಲ್ಲಿ ಗಾಯಗೊಂಡು ಪರಿಹಾರ ನಿರಾಕರಿಸಲ್ಪಟ್ಟ ನೌಕರನೊಬ್ಬನ ಪತ್ರಗಳಲ್ಲಿ, ಬಾಂಬು ಪತ್ರಗಳಲ್ಲಿದ್ದ ಮಾತುಗಳೇ ಇದ್ದುದನ್ನು ಆಕೆ ಗುರುತಿಸಿದಳು. ಅದೇ ಹೊತ್ತಿಗೆ ನಗರದ ಪತ್ರಿಕೆಯೊಂದು ಬಾಂಬು ಇಡುವವನನ್ನು ಉದ್ದೇಶಿಸಿ ಪ್ರಕಟಿಸಿದ ಬಹಿರಂಗ ಪತ್ರಗಳಿಗೆ ಅವನು ಉತ್ತರ ಬರೆದು, ತನಗೆ ಗಾಯವಾದ ದಿನಾಂಕವನ್ನು ತಾನೇ ಹೇಳಿಬಿಟ್ಟಿದ್ದನು. ಬ್ರಸೆಲ್ ಅವರ ಊಹೆಗಳಲ್ಲಿ ಸರಿಯಾದವು ನೆನಪಿನಲ್ಲಿ ಉಳಿದವು, ತಪ್ಪಾದವು ಮರೆತುಹೋದವು. ಅಪರಾಧಿಯನ್ನು ಹಿಡಿದುಕೊಟ್ಟ ಕಡತವನ್ನು ಹೆಚ್ಚು ಜನ ನೆನೆಯಲೇ ಇಲ್ಲ.

ಈ ವಿದ್ಯೆಗೆ ಸಂಸ್ಥೆಯ ರೂಪ ಬಂದದ್ದು 1972ರಲ್ಲಿ, ಅಮೆರಿಕದ ಎಫ್‌ಬಿಐ ತನ್ನ ವರ್ತನಾ ವಿಜ್ಞಾನ ಘಟಕವನ್ನು ಸ್ಥಾಪಿಸಿದಾಗ. ಅಲ್ಲಿನ ರಾಬರ್ಟ್ ರೆಸ್ಲರ್ ಮತ್ತು ಜಾನ್ ಡಗ್ಲಸ್, ಶುಶ್ರೂಷಾ ವಿಜ್ಞಾನದ ಪ್ರಾಧ್ಯಾಪಕಿ ಆ್ಯನ್ ಬರ್ಜೆಸ್ ಅವರೊಡನೆ ಸೇರಿ, ಸೆರೆಮನೆಯಲ್ಲಿದ್ದ 36 ಲೈಂಗಿಕ ಕೊಲೆಗಾರರ ಸಂದರ್ಶನಗಳನ್ನು ಆಧರಿಸಿ ಅಪರಾಧಿಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಯೋಜನೆ ಹಾಕಿ, ಆಯುಧವನ್ನು ಜೊತೆಗೆ ತಂದು, ಕುರುಹು ಉಳಿಸದೆ ಹೋಗುವವನು ವ್ಯವಸ್ಥಿತ ಅಪರಾಧಿ. ಆವೇಗದಲ್ಲಿ ಕೊಂದು, ಕೈಗೆ ಸಿಕ್ಕಿದ್ದನ್ನೇ ಆಯುಧವಾಗಿಸಿ, ಎಲ್ಲವನ್ನೂ ಚೆಲ್ಲಾಪಿಲ್ಲಿ ಬಿಟ್ಟುಹೋಗುವವನು ಅವ್ಯವಸ್ಥಿತ ಅಪರಾಧಿ. ಮೊದಲನೆಯವನು ಬುದ್ಧಿವಂತ, ಸಂಸಾರಸ್ಥ, ಉದ್ಯೋಗಸ್ಥ, ಎರಡನೆಯವನು ಒಂಟಿ, ನಿರುದ್ಯೋಗಿ ಎಂದು ಈ ವಿಂಗಡಣೆ ಮುಂದುವರಿಯುತ್ತದೆ. ಕೇಳಲು ಚೊಕ್ಕವಾದ ಈ ಜೋಡಿಯನ್ನು ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಯಾಂಟರ್ ಮತ್ತು ಸಹೋದ್ಯೋಗಿಗಳು 2004ರಲ್ಲಿ, ಅಮೆರಿಕದ 100 ಸರಣಿ ಕೊಲೆಗಾರರು ಮಾಡಿದ ಕೊಲೆಗಳಲ್ಲಿ ಕಂಡ 39 ಲಕ್ಷಣಗಳನ್ನಿಟ್ಟುಕೊಂಡು ಪರೀಕ್ಷಿಸಿದರು. ವ್ಯವಸ್ಥಿತ ಲಕ್ಷಣಗಳು ಒಂದು ಗುಂಪಾಗಿ, ಅವ್ಯವಸ್ಥಿತ ಲಕ್ಷಣಗಳು ಇನ್ನೊಂದು ಗುಂಪಾಗಿ ಬೇರ್ಪಡಲಿಲ್ಲ. ಒಂದಿಷ್ಟು ಯೋಜನೆ ಬಹುತೇಕ ಎಲ್ಲ ಸರಣಿ ಕೊಲೆಗಳಲ್ಲಿಯೂ ಇತ್ತು, ಗೊಂದಲ ಮಾತ್ರ ಒಂದೊಂದರಲ್ಲಿ ಒಂದೊಂದು ಬಗೆಯದಾಗಿತ್ತು. 2007ರಲ್ಲಿ ಬ್ರೆಂಟ್ ಸ್ನೂಕ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಅಪರಾಧಿಯ ಲಕ್ಷಣಗಳನ್ನು ಊಹಿಸುವುದರಲ್ಲಿ ಅನುಭವಿ ಪ್ರೊಫೈಲರ್‌ಗಳು ಇತರರಿಗಿಂತ ಹೇಳಿಕೊಳ್ಳುವಷ್ಟು ಮುಂದಿರಲಿಲ್ಲ.

ಹಾಗಿದ್ದೂ ಅನುಭವಿ ಅಧಿಕಾರಿಗಳು ಇಂಥ ಚಿತ್ರಣಗಳನ್ನು ಮೆಚ್ಚುವುದೇಕೆ ಎಂಬ ಪ್ರಶ್ನೆಗೆ ಮನೋವಿಜ್ಞಾನದಲ್ಲಿಯೇ ಉತ್ತರವಿದೆ. ಬರ್ಟ್ರಮ್ ಫೋರರ್ ಎಂಬ ಪ್ರಾಧ್ಯಾಪಕ 1948ರಲ್ಲಿ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ನಡೆಸಿ, ಪ್ರತಿಯೊಬ್ಬನಿಗೂ ಅವನದೇ ಫಲಿತಾಂಶವೆಂದು ಹೇಳಿ, ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡ ಒಂದೇ ಒಕ್ಕಣೆಯನ್ನು ಎಲ್ಲರಿಗೂ ಕೊಟ್ಟರು. ಅದು ತಮ್ಮನ್ನು ಎಷ್ಟು ಸರಿಯಾಗಿ ಬಣ್ಣಿಸಿದೆಯೆಂದು ಕೇಳಿದಾಗ ವಿದ್ಯಾರ್ಥಿಗಳು ಕೊಟ್ಟ ಸರಾಸರಿ ಅಂಕ 5ಕ್ಕೆ 4.26. ಯಾರಿಗಾದರೂ ಹೊಂದುವ ಮಾತನ್ನು ತನಗೆಂದೇ ಹೇಳಿದಂತೆ ಕೇಳಿಸಿಕೊಳ್ಳುವ ಈ ಪ್ರವೃತ್ತಿಗೆ ಬಾರ್ನಂ ಪರಿಣಾಮ ಎನ್ನುತ್ತಾರೆ. ಗಿಣಿಶಾಸ್ತ್ರದವನ ಮುಂದೆ ಕುಳಿತವರಿಗೆ ಅದರ ಪರಿಚಯವಿರುತ್ತದೆ. 2003ರಲ್ಲಿ ಲಾರೆನ್ಸ್ ಆಲಿಸನ್ ಮತ್ತು ಸಹೋದ್ಯೋಗಿಗಳು ಇದೇ ಪ್ರಯೋಗವನ್ನು ಬ್ರಿಟನ್ನಿನ ಪೊಲೀಸ್ ಅಧಿಕಾರಿಗಳ ಮೇಲೆ ಬೇರೆ ರೀತಿಯಲ್ಲಿ ನಡೆಸಿದರು. ಒಂದೇ ಮನೋಚಿತ್ರಣವನ್ನು ಎರಡು ಗುಂಪುಗಳಿಗೆ ಕೊಟ್ಟು, ಒಂದು ಗುಂಪಿಗೆ ನಿಜವಾದ ಅಪರಾಧಿಯ ವಿವರವನ್ನೂ ಇನ್ನೊಂದಕ್ಕೆ ಕಟ್ಟಿದ, ಬೇರೆಯೇ ಲಕ್ಷಣಗಳ ವ್ಯಕ್ತಿಯ ವಿವರವನ್ನೂ ಒದಗಿಸಿದಾಗ, ಎರಡೂ ಗುಂಪುಗಳು ಆ ಚಿತ್ರಣವನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ನಿಖರವೆಂದವು. ಆರೋಪಿ ಸಿಕ್ಕಿದ ಮೇಲೆ ಹಳೆಯ ಚಿತ್ರಣವನ್ನು ತೆಗೆದು ನೋಡಿ, ಎಲ್ಲವೂ ಹೇಳಿದಂತೆಯೇ ಇದೆ ಎಂದು ಬೆರಗಾಗುವ ಅಧಿಕಾರಿ ಈ ಪ್ರಯೋಗವನ್ನು ನೆನೆಯಬೇಕು.

ಬೆರಗು ಅಲ್ಲಿಗೇ ನಿಂತರೆ ಹಾನಿಯಿಲ್ಲ. ಅದು ಕೈಕೋಳವಾದಾಗ ಏನಾಗುತ್ತದೆಂಬುದಕ್ಕೆ ಲಂಡನ್ನಿನ ಒಂದು ಪ್ರಕರಣ ಸಾಕು. 1992ರ ಜುಲೈ 15ರಂದು ವಿಂಬಲ್ಡನ್ ಬಯಲಿನಲ್ಲಿ ರೇಚಲ್ ನಿಕೆಲ್ ಎಂಬ ಯುವತಿಯನ್ನು ಆಕೆಯ ಪುಟ್ಟ ಮಗನ ಕಣ್ಣೆದುರಿಗೇ ಇರಿದು ಕೊಲ್ಲಲಾಯಿತು. ಭೌತಿಕ ಸಾಕ್ಷ್ಯ ದೊರೆಯದೆ ಕಂಗೆಟ್ಟ ಪೊಲೀಸರು ಮನೋವಿಜ್ಞಾನಿ ಪಾಲ್ ಬ್ರಿಟನ್ ಅವರಿಂದ ಕೊಲೆಗಾರನ ಮನೋಚಿತ್ರಣ ಪಡೆದರು. ಬಯಲಿನಲ್ಲಿ ನಾಯಿಯೊಡನೆ ಅಡ್ಡಾಡುತ್ತಿದ್ದ, ಒಂಟಿಯಾಗಿ ಬದುಕುತ್ತಿದ್ದ ಕಾಲಿನ್ ಸ್ಟ್ಯಾಗ್ ಎಂಬವನು ಆ ಚಿತ್ರಣಕ್ಕೆ ಹೊಂದುತ್ತಾನೆಂದು ತೋರಿತು. ಮುಂದಿನ ಹೆಜ್ಜೆ ಚಿತ್ರಣವನ್ನು ಬಲೆಯಾಗಿಸಿದ್ದು. ಮಹಿಳಾ ಅಧಿಕಾರಿಯೊಬ್ಬರು ಹೆಸರು ಮರೆಸಿಕೊಂಡು ಅವನೊಡನೆ ಪತ್ರವ್ಯವಹಾರ ಬೆಳೆಸಿದರು, ಫೋನಿನಲ್ಲಿ ಮಾತಾಡಿದರು, ಉದ್ಯಾನದಲ್ಲಿ ಭೇಟಿಯಾದರು. ತಾವೂ ಹಿಂದೆ ಒಂದು ಕೊಲೆಯಲ್ಲಿ ಭಾಗಿಯಾಗಿದ್ದುದಾಗಿ ಕಥೆ ಕಟ್ಟಿ, ಅಂಥದೇ ಅನುಭವವುಳ್ಳ ಗಂಡಸಷ್ಟೇ ತಮಗೆ ಒಪ್ಪಿಗೆಯೆಂಬ ಭಾವನೆ ಹುಟ್ಟಿಸಿದರು. ಪ್ರೀತಿಗಾಗಿ ಹಾತೊರೆಯುತ್ತಿದ್ದ ಅವನು ಆಕೆಯನ್ನು ಮೆಚ್ಚಿಸಲು ಕ್ರೂರ ಕಲ್ಪನೆಗಳನ್ನು ಬರೆದು ಕಳಿಸಿದನು, ಕೊಲೆಯನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ಆದರೂ 1993ರ ಆಗಸ್ಟ್‌ನಲ್ಲಿ ಅವನನ್ನು ಬಂಧಿಸಲಾಯಿತು. 1994ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಓಗ್ನಾಲ್ ಈ ಕಾರ್ಯಾಚರಣೆಯಿಂದ ದೊರೆತ ಸಾಕ್ಷ್ಯವನ್ನು ಪೂರ್ತಿ ತಳ್ಳಿಹಾಕಿದಾಗ ಮೊಕದ್ದಮೆಯಲ್ಲಿ ಉಳಿದದ್ದೇನೂ ಇರಲಿಲ್ಲ. ಅಷ್ಟರಲ್ಲಿ ಅವನು 13 ತಿಂಗಳು ಸೆರೆಯಲ್ಲಿ ಕಳೆದಿದ್ದನು.

ನಿಜವಾದ ಕೊಲೆಗಾರ ರಾಬರ್ಟ್ ನ್ಯಾಪರ್ ಪೊಲೀಸರಿಗೆ ಅಪರಿಚಿತನೇನೂ ಆಗಿರಲಿಲ್ಲ. ಅವನು ಅತ್ಯಾಚಾರವೊಂದನ್ನು ಒಪ್ಪಿಕೊಂಡಿದ್ದಾನೆಂದು 1989ರಲ್ಲಿಯೇ ಅವನ ತಾಯಿ ಠಾಣೆಗೆ ಫೋನು ಮಾಡಿ ತಿಳಿಸಿದ್ದರು. ಆಗ್ನೇಯ ಲಂಡನ್ನಿನ ಅತ್ಯಾಚಾರ ಸರಣಿಯಲ್ಲಿ ಅವನ ಹೆಸರು ಬಂದಾಗ, ಸಂತ್ರಸ್ತೆಯರು ಹೇಳಿದ ಎತ್ತರಕ್ಕಿಂತ ಹೆಚ್ಚು ಎತ್ತರವಿದ್ದಾನೆಂದು ಅವನನ್ನು ಪಟ್ಟಿಯಿಂದ ಕೈಬಿಡಲಾಗಿತ್ತು. ಸ್ಟ್ಯಾಗ್ ಸೆರೆಯಲ್ಲಿದ್ದಾಗಲೇ, 1993ರ ನವೆಂಬರ್‌ನಲ್ಲಿ, ನ್ಯಾಪರ್ ಇನ್ನೊಬ್ಬ ತಾಯಿಯನ್ನೂ ಆಕೆಯ ನಾಲ್ಕು ವರ್ಷದ ಮಗಳನ್ನೂ ಕೊಂದನು. ಸುಧಾರಿಸಿದ ಡಿಎನ್‌ಎ ತಂತ್ರದ ನೆರವಿನಿಂದ ನಿಕೆಲ್ ಪ್ರಕರಣ ಅವನ ಬಳಿಗೆ ತಲುಪಿ, ಅವನು ತಪ್ಪೊಪ್ಪಿಕೊಂಡದ್ದು 2008ರ ಡಿಸೆಂಬರ್‌ನಲ್ಲಿ. ಅದೇ ವರ್ಷ ಸ್ಟ್ಯಾಗ್‌ಗೆ 7,06,000 ಪೌಂಡ್ ಪರಿಹಾರ ದೊರೆಯಿತು. ತಪ್ಪು ಚಿತ್ರಣದ ಬೆಲೆಯನ್ನು ಲೆಕ್ಕಹಾಕುವವರು ಈ ಮೊತ್ತದ ಜೊತೆಗೆ ಆ ತಾಯಿ ಮತ್ತು ಮಗುವನ್ನೂ ಸೇರಿಸಬೇಕಾಗುತ್ತದೆ.

ಇದರರ್ಥ ಮನೋವಿಜ್ಞಾನಕ್ಕೆ ತನಿಖೆಯಲ್ಲಿ ಕೆಲಸವಿಲ್ಲವೆಂದಲ್ಲ. ವ್ಯಕ್ತಿಯ ಅಂತರಂಗವನ್ನು ಊಹಿಸುವುದನ್ನು ಬಿಟ್ಟು, ಅವನು ಎಲ್ಲಿ, ಯಾವಾಗ, ಏನು ಮಾಡಿದನೆಂಬುದನ್ನು ಕ್ರಮವಾಗಿ ಜೋಡಿಸಿದಾಗ ಈ ವಿದ್ಯೆ ಹೆಚ್ಚು ಗಟ್ಟಿಯಾಗಿ ನಿಂತಿದೆ. 1980ರ ದಶಕದಲ್ಲಿ ಲಂಡನ್ನಿನ ರೈಲು ನಿಲ್ದಾಣಗಳ ಆಸುಪಾಸಿನಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಗಳ ತಾಣಗಳನ್ನು ಡೇವಿಡ್ ಕ್ಯಾಂಟರ್ ಕಾಲಕ್ರಮದಲ್ಲಿ ನಕ್ಷೆಯ ಮೇಲೆ ಗುರುತಿಸಿ, ಮೊದಮೊದಲಿನ ಕೃತ್ಯಗಳು ಅಪರಾಧಿಗೆ ಚಿರಪರಿಚಿತವಾದ ಪ್ರದೇಶದಲ್ಲಿ ನಡೆದಿರಬೇಕೆಂಬ ತರ್ಕದಿಂದ ಅವನ ವಾಸದ ಪ್ರದೇಶವನ್ನು ಸೂಚಿಸಿದರು. ಸುಮಾರು 2000 ಶಂಕಿತರ ಉದ್ದನೆಯ ಪಟ್ಟಿಯಲ್ಲಿ ಬಹಳ ಕೆಳಗಿದ್ದ ಜಾನ್ ಡಫಿ ಎಂಬ ಮಾಜಿ ರೈಲ್ವೆ ಬಡಗಿಯ ಹೆಸರು ಆ ಸೂಚನೆಯಿಂದ ಮೇಲೆ ಬಂದಿತು, ಅವನ ಮೇಲೆ ಕಣ್ಣಿಟ್ಟ ಪೊಲೀಸರು ಸಾಕ್ಷ್ಯವನ್ನು ಬೇರೆಯಾಗಿ ಕಲೆಹಾಕಿದರು. ಭೌಗೋಳಿಕ ಚಿತ್ರಣವೆನಿಸಿಕೊಳ್ಳುವ ಈ ಕ್ರಮವನ್ನು ಕೆನಡಾದ ವ್ಯಾಂಕೂವರ್ ನಗರದ ಪೊಲೀಸ್ ಅಧಿಕಾರಿ ಕಿಮ್ ರಾಸ್ಮೊ ಗಣಿತದ ಸೂತ್ರವಾಗಿ ಬೆಳೆಸಿದರು. ಸಾಕ್ಷಿಗಳ ನೆನಪು ಹೇಗೆ ಕೆಲಸ ಮಾಡುತ್ತದೆಂಬ ಅಧ್ಯಯನ ಇನ್ನೂ ಗಟ್ಟಿಯಾದುದು. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ತೋರಿಸಿದಂತೆ, ಅಪಘಾತದ ಚಿತ್ರವನ್ನು ನೋಡಿದವರಿಗೆ ವಾಹನಗಳು ತಾಗಿದಾಗ ಎಂದು ಕೇಳುವುದಕ್ಕೂ ಅಪ್ಪಳಿಸಿದಾಗ ಎಂದು ಕೇಳುವುದಕ್ಕೂ ಅವರು ಹೇಳುವ ವೇಗವೇ ಬದಲಾಗುತ್ತದೆ. ಮಹಜರಿಗೂ ಹೇಳಿಕೆ ದಾಖಲಿಸುವುದಕ್ಕೂ ಕುಳಿತ ಅಧಿಕಾರಿಗೆ, ಯಾವುದೇ ಕೊಲೆಗಾರನ ಬಾಲ್ಯದ ಕಥೆಗಿಂತ ಈ ಒಂದು ತಿಳಿವಳಿಕೆ ದಿನಬಳಕೆಗೆ ಬರುತ್ತದೆ.

ಈ ಮಾತಿಗೆ ಕರ್ನಾಟಕದ ನೆಲದಲ್ಲಿಯೇ ಪುರಾವೆಯಿದೆ. ದಕ್ಷಿಣ ಕನ್ನಡ ಜಿಲ್ಲೆಯ ಮೋಹನ್ ಕುಮಾರ್ ಎಂಬ ಮಾಜಿ ಪ್ರಾಥಮಿಕ ಶಾಲಾ ಶಿಕ್ಷಕ, ಜನರ ಬಾಯಲ್ಲಿ ಸಯನೈಡ್ ಮೋಹನ ಎನಿಸಿಕೊಂಡವನು, 2009ರಲ್ಲಿ ಬಂಧನಕ್ಕೊಳಗಾಗುವವರೆಗಿನ ಕೆಲವೇ ವರ್ಷಗಳಲ್ಲಿ 20 ಮಹಿಳೆಯರನ್ನು ಕೊಂದನು. ವರದಕ್ಷಿಣೆ ಹೊಂದಿಸಲಾಗದೆ ಮದುವೆ ಮುಂದೆ ಹೋಗುತ್ತಿದ್ದ ಬಡ ಕುಟುಂಬದ ಹೆಣ್ಣುಮಕ್ಕಳನ್ನು ಅವನು ಪರಿಚಯ ಮಾಡಿಕೊಂಡು, ವರದಕ್ಷಿಣೆಯಿಲ್ಲದೆ ಮದುವೆಯಾಗುವುದಾಗಿ ನಂಬಿಸಿ, ದೂರದ ಊರಿನ ಲಾಡ್ಜಿಗೆ ಕರೆದೊಯ್ಯುತ್ತಿದ್ದನು. ಮರುದಿನ ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲಿಯೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭನಿರೋಧಕವೆಂದು ಹೇಳಿ ಸಯನೈಡ್ ಸವರಿದ ಗುಳಿಗೆಯನ್ನು ಕೈಗಿತ್ತು, ಶೌಚಾಲಯಕ್ಕೆ ಹೋಗಿ ನುಂಗುವಂತೆ ಹೇಳುತ್ತಿದ್ದನು. ಒಳಗಿನಿಂದ ಚಿಲಕ ಹಾಕಿದ ಶೌಚಾಲಯ, ಮೈಮೇಲೆ ಗಾಯವಿಲ್ಲದ, ಗುರುತು ಹಿಡಿಯುವವರಿಲ್ಲದ ಹೆಣ. ನೋಡಿದವರಿಗೆ ಅದು ಆತ್ಮಹತ್ಯೆ. ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರು ಹೀಗೆ ಬೇರೆ ಬೇರೆ ಊರುಗಳ ಠಾಣೆಗಳಲ್ಲಿ ಒಂದೊಂದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಯಿತು. ಕರಾವಳಿಯ ಊರುಗಳಲ್ಲಿ ಒಂದೊಂದು ನಾಪತ್ತೆ ದೂರು ಬಿದ್ದಿತ್ತು. ಹೆಣ ಸಿಕ್ಕ ಠಾಣೆಗೆ ಹೆಸರು ಗೊತ್ತಿರಲಿಲ್ಲ, ಹೆಸರು ಗೊತ್ತಿದ್ದ ಠಾಣೆಗೆ ಹೆಣ ಸಿಕ್ಕಿರಲಿಲ್ಲ.

ಒಬ್ಬನೇ ಮಾಡಿದ ಹಲವು ಕೃತ್ಯಗಳು ಠಾಣೆಗಳ ಗಡಿಯಿಂದಾಗಿ ಒಂದಕ್ಕೊಂದು ಕೂಡಿಬರದೆ ಉಳಿಯುವುದನ್ನು ಅಮೆರಿಕದ ಅಪರಾಧಶಾಸ್ತ್ರಜ್ಞ ಸ್ಟೀವನ್ ಎಗ್ಗರ್ 1984ರಲ್ಲಿ ಕೊಂಡಿಗುರುಡು ಎಂಬರ್ಥದ ಪದದಿಂದ ಹೆಸರಿಸಿದರು. ಈ ಪ್ರಕರಣದಲ್ಲಿ ಕುರುಡು ಕಳೆದದ್ದು ಹೇಗೆಂಬುದು ಗಮನಾರ್ಹ. 2009ರಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಕಾಣೆಯಾದಾಗ, ಆಕೆ ಅನ್ಯಧರ್ಮದವನೊಡನೆ ಓಡಿಹೋಗಿದ್ದಾಳೆಂಬ ವದಂತಿ ಹಬ್ಬಿ ಪ್ರತಿಭಟನೆ ನಡೆಯಿತು. ಅಪರಾಧಿ ಎಂಥವನಿರಬೇಕೆಂಬ ಚಿತ್ರಣವನ್ನು ಊರು ತಾನೇ ಬರೆದಿಟ್ಟಿತ್ತು, ಅದು ಪೂರ್ತಿ ತಪ್ಪಾಗಿತ್ತು. ಒತ್ತಡಕ್ಕೆ ಸಿಕ್ಕ ಪೊಲೀಸರು ಆಕೆಯ ಮೊಬೈಲ್ ಕರೆಗಳ ವಿವರ ತೆಗೆಸಿದಾಗ ಅದು ಇನ್ನೊಬ್ಬಳ ಸಂಖ್ಯೆಗೆ ಒಯ್ದಿತು, ಆಕೆಯೂ ಕಾಣೆಯಾದವಳು. ಆ ಸಂಖ್ಯೆ ಮತ್ತೊಬ್ಬಳತ್ತ ಬೆರಳು ತೋರಿತು, ಆಕೆಯೂ ಮನೆಗೆ ಮರಳಿರಲಿಲ್ಲ. ಒಬ್ಬಳ ಫೋನನ್ನು ಮುಂದಿನವಳನ್ನು ಸೆಳೆಯಲು ಬಳಸುತ್ತಿದ್ದವನು ಆ ಸರಪಳಿಯ ತುದಿಯಲ್ಲಿ ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದನು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ತೀರ್ಪುಗಳನ್ನು ನೀಡಿತು. ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ.

ಈ ವ್ಯಕ್ತಿಯ ಮನೋಚಿತ್ರಣ ಮೊದಲೇ ಇದ್ದಿದ್ದರೂ ಪ್ರಯೋಜನವಾಗುತ್ತಿರಲಿಲ್ಲ, ಏಕೆಂದರೆ ಕೊಲೆ ನಡೆದಿದೆಯೆಂಬುದೇ ಯಾರಿಗೂ ತಿಳಿದಿರಲಿಲ್ಲ. ಬೆಂಗಳೂರಿನ ಸುತ್ತಮುತ್ತ ದೇವಸ್ಥಾನಗಳಿಗೆ ಬರುತ್ತಿದ್ದ ಮಹಿಳೆಯರಿಗೆ ಕಷ್ಟಪರಿಹಾರದ ಪೂಜೆಯ ಆಸೆ ತೋರಿಸಿ, ಚೆನ್ನಾಗಿ ಒಡವೆ ಹಾಕಿಕೊಂಡು ಬರುವಂತೆ ಹೇಳಿ, ಸಯನೈಡ್ ಉಣಿಸಿ ಕೊಂದು, 2007ರ ಕೊನೆಯಲ್ಲಿ ಸಿಕ್ಕಿಬಿದ್ದ ಕೆಂಪಮ್ಮ, ಅಮೆರಿಕದ 36 ಲೈಂಗಿಕ ಕೊಲೆಗಾರರಿಂದ ಕಟ್ಟಿದ ಯಾವ ವರ್ಗಕ್ಕೂ ಸೇರುವುದಿಲ್ಲ. ಎರಡೂ ಪ್ರಕರಣಗಳಲ್ಲಿ ದಾರಿ ತೋರಬಲ್ಲದ್ದು ಕೊಂದವರ ಮನಸ್ಸಿಗಿಂತ ಸತ್ತವರ ಬದುಕು. ಅವರು ಯಾರು, ಯಾವುದಕ್ಕಾಗಿ ಕಾಯುತ್ತಿದ್ದರು, ಯಾರನ್ನು ನಂಬುವ ಸ್ಥಿತಿಯಲ್ಲಿದ್ದರು, ಮೈಮೇಲಿದ್ದ ಒಡವೆ ಎಲ್ಲಿ ಹೋಯಿತು ಎಂಬ ಪ್ರಶ್ನೆಗಳ ಅಧ್ಯಯನಕ್ಕೆ ಸಂತ್ರಸ್ತಶಾಸ್ತ್ರವೆಂಬ ಹೆಸರಿದೆ. ಮದುವೆಗೆ ಹಣವಿಲ್ಲದ ಮನೆ ಮತ್ತು ಹರಕೆ ಹೊತ್ತ ಮನಸ್ಸು ಇಲ್ಲಿನ ತನಿಖೆಗೆ ಎಷ್ಟು ಮುಖ್ಯವೆಂಬುದು ಅಮೆರಿಕದಲ್ಲಿ ಸಿದ್ಧವಾದ ನಮೂನೆಯಲ್ಲಿ ಬರೆದಿರುವುದಿಲ್ಲ.

ಅಪರಾಧವನ್ನು ವಿವರಿಸುವ ಸಿದ್ಧಾಂತಗಳಿಗೂ ಇದೇ ಎಚ್ಚರ ಸಲ್ಲುತ್ತದೆ. ನ್ಯೂಜಿಲೆಂಡಿನ ಡನೀಡನ್ ನಗರದಲ್ಲಿ 1972 ಮತ್ತು 1973ರಲ್ಲಿ ಹುಟ್ಟಿದ 1037 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದ ಹಿನ್ನೆಲೆಯಲ್ಲಿ, ಟೆರಿ ಮಾಫಿಟ್ 1993ರಲ್ಲಿ ಎರಡು ದಾರಿಗಳನ್ನು ಗುರುತಿಸಿದರು: ಹರೆಯದಲ್ಲಿ ತಪ್ಪುದಾರಿ ಹಿಡಿದು ಬೆಳೆದಂತೆ ಬಿಟ್ಟುಬಿಡುವ ಬಹುಸಂಖ್ಯಾತರು ಮತ್ತು ಬಾಲ್ಯದಿಂದಲೇ ಶುರುವಾಗಿ ಮುಂದುವರಿಯುವ ಕೆಲವೇ ಕೆಲವರು. ಮರುಕವಿಲ್ಲದ, ಪಶ್ಚಾತ್ತಾಪವಿಲ್ಲದ, ಇತರರನ್ನು ಉಪಯೋಗದ ವಸ್ತುವಾಗಿ ಕಾಣುವ ವ್ಯಕ್ತಿತ್ವಕ್ಕೆ ಸೈಕೋಪತಿ ಎಂಬ ಹೆಸರಿದ್ದು, ಅದನ್ನು ಅಳೆಯಲು ರಾಬರ್ಟ್ ಹೇರ್ ರೂಪಿಸಿದ ಪಟ್ಟಿಯಲ್ಲಿ 20 ಅಂಶಗಳೂ 40 ಅಂಕಗಳೂ ಇವೆ. ತರಬೇತಾದ ತಜ್ಞರು ದೀರ್ಘ ಸಂದರ್ಶನ ಮತ್ತು ದಾಖಲೆಗಳ ಪರಿಶೀಲನೆಯ ನಂತರ ಬಳಸಬೇಕಾದ ಆ ಅಳತೆಗೂ, ಟಿವಿ ಪರದೆಯ ಮೇಲೆ ಆರೋಪಿಯ ಮುಖ ಕಂಡೊಡನೆ ಸೈಕೋ ಎಂದು ಕೂಗುವುದಕ್ಕೂ ಸಂಬಂಧವಿಲ್ಲ. ದಿನನಿತ್ಯದ ಅಪರಾಧಗಳಿಗೆ ಹೆಚ್ಚು ಹತ್ತಿರವಾದುದು ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ 1957ರಲ್ಲಿ ಮಂಡಿಸಿದ ತಟಸ್ಥೀಕರಣದ ಸಿದ್ಧಾಂತ. ತಪ್ಪು ಮಾಡುವವನಿಗೆ ಅದು ತಪ್ಪೆಂದು ಗೊತ್ತಿರುತ್ತದೆ, ಆದ್ದರಿಂದ ಅವನು ಮೊದಲು ಮನಸ್ಸಾಕ್ಷಿಯ ಬಾಯಿ ಮುಚ್ಚಿಸುವ ಮಾತೊಂದನ್ನು ಕಂಡುಕೊಳ್ಳುತ್ತಾನೆ. ತನ್ನ ಕೈಯಲ್ಲೇನಿತ್ತು ಎನ್ನುವುದು, ಯಾರಿಗೂ ನಷ್ಟವಾಗಿಲ್ಲ ಎನ್ನುವುದು, ಅವಳೇ ಕಾರಣ ಎನ್ನುವುದು, ಪೊಲೀಸರೇನು ಸಾಚಾಗಳೇ ಎನ್ನುವುದು, ಮನೆತನದ ಮರ್ಯಾದೆಗಾಗಿ ಮಾಡಬೇಕಾಯಿತು ಎನ್ನುವುದು; ಈ ಐದೂ ಮಾತುಗಳು ವಿಚಾರಣಾ ಕೋಣೆಯಲ್ಲಿ ಕುಳಿತ ಅಧಿಕಾರಿಗಳಿಗೆ ಹೊಸವಲ್ಲ. ಮರ್ಯಾದೆಗೇಡು ಹತ್ಯೆ ಮಾಡಿದ ತಂದೆಯಲ್ಲಿ ಮಾನಸಿಕ ರೋಗವನ್ನು ಹುಡುಕುವುದು ವ್ಯರ್ಥ. ಅವನಿಗೆ ಆ ಐದನೆಯ ಮಾತನ್ನು ಕಲಿಸಿದ್ದು ಊರು.

ಮನಸ್ಸಿನೊಳಗೆ ನೇರವಾಗಿ ನುಗ್ಗುವ ಪ್ರಯತ್ನದ ಚರಿತ್ರೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಒಂದು ಕಾಲದಲ್ಲಿ ಮಂಪರು ಪರೀಕ್ಷೆಗೆ, ಅಂದರೆ ಔಷಧಿಯಿಂದ ಅರೆಪ್ರಜ್ಞೆಗೆ ತಂದು ಪ್ರಶ್ನಿಸುವ ಕ್ರಮಕ್ಕೆ, ದೇಶದಲ್ಲೆಲ್ಲ ಹೆಸರಾಗಿತ್ತು. ಕೃತ್ಯದ ಅನುಭವ ಮಿದುಳಿನಲ್ಲಿ ಉಳಿದಿದೆಯೇ ಎಂದು ವಿದ್ಯುತ್ ಸಂಕೇತಗಳಿಂದ ಗುರುತಿಸುವುದಾಗಿ ಹೇಳುವ ಪರೀಕ್ಷೆಯನ್ನು ರೂಪಿಸಿದವರು ನಿಮ್ಹಾನ್ಸ್‌ನಲ್ಲಿದ್ದ ವಿಜ್ಞಾನಿ. ಅದಕ್ಕೆ ವೈಜ್ಞಾನಿಕ ಆಧಾರ ಸಾಲದೆಂದು 2008ರಲ್ಲಿ ಹೇಳಿದ್ದು ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯೇ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ ಅಥವಾ ಮಿದುಳು ಪರೀಕ್ಷೆ ನಡೆಸುವುದು ಸಂವಿಧಾನದ 20(3) ಮತ್ತು 21ನೇ ವಿಧಿಗಳಿಗೆ ವಿರುದ್ಧವೆಂದು ತೀರ್ಪಿತ್ತಿತು. ಒಪ್ಪಿಗೆಯಿಂದ ನಡೆದ ಪರೀಕ್ಷೆಯ ಮಾತುಗಳೂ ಸಾಕ್ಷ್ಯವಾಗುವುದಿಲ್ಲ, ಅವುಗಳ ನೆರವಿನಿಂದ ನಂತರ ಪತ್ತೆಯಾದ ವಸ್ತುವಷ್ಟೇ ಆಗಬಹುದು ಎಂಬ ವಿವೇಚನೆ, ಮನೋಚಿತ್ರಣಕ್ಕೂ ಹೊಂದುವ ಅಳತೆಗೋಲು.

ನ್ಯಾಯಾಲಯಗಳು ಮನೋವಿಜ್ಞಾನಕ್ಕೆ ಬಾಗಿಲು ಮುಚ್ಚಿಲ್ಲ. ಅದರ ಜಾಗವನ್ನು ಗೊತ್ತುಮಾಡಿವೆ. 16ರಿಂದ 18 ವರ್ಷದವರು ಘೋರ ಅಪರಾಧದ ಆರೋಪ ಹೊತ್ತಾಗ ನಡೆಯಬೇಕಾದ ಪ್ರಾಥಮಿಕ ಮೌಲ್ಯಮಾಪನಕ್ಕೆ, ಬಾಲನ್ಯಾಯ ಮಂಡಳಿಯ ಸದಸ್ಯರಲ್ಲಿ ಮಕ್ಕಳ ಮನೋವಿಜ್ಞಾನ ಅಥವಾ ಮನೋವೈದ್ಯದಲ್ಲಿ ವೃತ್ತಿನಿರತರು ಇಲ್ಲದಿದ್ದರೆ ಅಂಥ ತಜ್ಞರ ನೆರವು ಪಡೆಯಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಅದೇ ವರ್ಷ ಮನೋಜ್ ವಿರುದ್ಧ ಮಧ್ಯಪ್ರದೇಶ ಪ್ರಕರಣದಲ್ಲಿ, ಮರಣದಂಡನೆ ವಿಧಿಸುವ ಮುನ್ನ ಅಪರಾಧಿಯ ಮಾನಸಿಕ ಸ್ಥಿತಿ, ಬಾಲ್ಯ, ಕುಟುಂಬದ ಹಿನ್ನೆಲೆ ಮತ್ತು ಸುಧಾರಣೆಯ ಸಾಧ್ಯತೆಯ ವರದಿಗಳನ್ನು ತರಿಸಿಕೊಳ್ಳಬೇಕೆಂದು ವಿಚಾರಣಾ ನ್ಯಾಯಾಲಯಗಳಿಗೆ ಸೂಚಿಸಿತು. ಈ ಎರಡೂ ಸಂದರ್ಭಗಳಲ್ಲಿ ತಜ್ಞನ ಮುಂದೆ ಒಬ್ಬ ನಿಜವಾದ, ಹೆಸರುಳ್ಳ ವ್ಯಕ್ತಿ ಕುಳಿತಿರುತ್ತಾನೆ. ಅವನನ್ನು ಪರೀಕ್ಷಿಸಬಹುದು, ವರದಿಯನ್ನು ಪ್ರಶ್ನಿಸಬಹುದು. ಇನ್ನೂ ಸಿಗದವನ ಬಗ್ಗೆ ಬರೆದ ಊಹೆಗೆ ಆ ಸೌಲಭ್ಯವಿಲ್ಲ.

ಆದ್ದರಿಂದ ತನಿಖಾಧಿಕಾರಿಗಳಲ್ಲಿ ಈ ಪತ್ರದ ವಿನಂತಿ ನಾಲ್ಕು. ಮನೋಚಿತ್ರಣವನ್ನು ಪಡೆಯುವುದಾದರೆ, ಶಂಕಿತನ ಹೆಸರು ತಜ್ಞರ ಕಿವಿಗೆ ಬೀಳುವ ಮೊದಲೇ, ದಿನಾಂಕ ಹಾಕಿ, ಪ್ರತಿ ಅಂದಾಜಿಗೂ ಆಧಾರವನ್ನು ಬರೆಯಿಸಿ ಪಡೆಯಬೇಕು. ಚಿತ್ರಣಕ್ಕೆ ಹೊಂದುವುದಿಲ್ಲವೆಂಬ ಒಂದೇ ಕಾರಣಕ್ಕೆ ಯಾರ ಹೆಸರನ್ನೂ ಪಟ್ಟಿಯಿಂದ ತೆಗೆಯಬಾರದು, ಹೊಂದುತ್ತದೆಂಬ ಒಂದೇ ಕಾರಣಕ್ಕೆ ಯಾರನ್ನೂ ಬಂಧಿಸಬಾರದು. ಸಾಕ್ಷಿಗಳನ್ನೂ ಸಂತ್ರಸ್ತರನ್ನೂ ಮಾತಾಡಿಸುವ ಕ್ರಮಕ್ಕೆ ಮನೋವಿಜ್ಞಾನದ ತರಬೇತಿಯನ್ನು ಕೇಳಿ ಪಡೆಯಬೇಕು. ಪ್ರತಿದಿನದ ಕೆಲಸಕ್ಕೆ ಬೇಕಾದದ್ದು ಅದು. ಎಲ್ಲಕ್ಕಿಂತ ಮುಖ್ಯವಾಗಿ, ಗುರುತು ಸಿಗದ ಹೆಣ್ಣುಮಗಳ ಹೆಣದ ಮುಂದೆ ನಿಂತು ಯುಡಿಆರ್ ಮುಗಿಸುವ ಮೊದಲು, ಆಕೆಯ ಅಂದಾಜು ವಯಸ್ಸು, ಉಡುಗೆ, ಇಲ್ಲದ ಒಡವೆ, ಹತ್ತಿರದ ಲಾಡ್ಜಿನ ದಾಖಲೆ ಇಷ್ಟನ್ನೂ ಬರೆದು, ಇತರ ಜಿಲ್ಲೆಗಳ ನಾಪತ್ತೆ ಪಟ್ಟಿಯೊಡನೆ ಹೋಲಿಸಿ ನೋಡಬೇಕು.

ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಸಿಕ್ಕ ಆ ಹೆಣಗಳ ವರದಿಗಳಲ್ಲಿ ಮೊದಲ ಮೂರನ್ನು ಯಾರಾದರೂ ಒಂದೇ ಮೇಜಿನ ಮೇಲಿಟ್ಟು ಓದಿದ್ದರೆ, ನಾಲ್ಕನೆಯದನ್ನು ಬರೆಯುವ ಪ್ರಸಂಗ ಬರದಿರುವ ಸಾಧ್ಯತೆಯಿತ್ತು. ಅದಕ್ಕೆ ಕೊಲೆಗಾರನ ಮನಸ್ಸನ್ನು ಬಲ್ಲವರು ಬೇಕಿರಲಿಲ್ಲ, ಪಕ್ಕದ ಠಾಣೆಯ ಕಡತವನ್ನು ಓದುವವರು ಬೇಕಿತ್ತು.

ಇತಿ,
ಅಪರಾಧ ಮನೋವಿಜ್ಞಾನದ ಓರ್ವ ಅಭ್ಯಾಸಿ